ಫ್ಲೈಯಿಂದ ರೀಲಿನವರೆಗೆ: ಫ್ಲೈ ಫಿಶಿಂಗ್ ಗಂಟುಗಳನ್ನು ಕಟ್ಟುವ ಬಗೆ

ಫ್ಲೈ ಫಿಶಿಂಗ್ ಅಂದರೆ ಫ್ಲೈ ಅನ್ನುವ ಹುಳುವಿನಂಥ ಹಗುರ ಗಾಳವನ್ನು ಬೀಸಿ ಮೀನು ಹಿಡಿಯುವುದು. ಅದರ ಗಂಟುಗಳನ್ನು ಕಲಿಸುವವರು ಸಾಮಾನ್ಯವಾಗಿ ದಾರ ಸುತ್ತಿಡುವ ರೀಲಿನಿಂದ ಶುರು ಮಾಡಿ ಕೊನೆಗೆ ಫ್ಲೈ ಹತ್ತಿರ ಬರುತ್ತಾರೆ. ಇಲ್ಲಿ ನಾವು ಫ್ಲೈಯಿಂದ ಶುರು ಮಾಡಿ ರೀಲಿನ ಕಡೆ ಹೋಗೋಣ. ರೀಲಿನ ಗಂಟನ್ನು ಮನೆಯಲ್ಲಿ ಕೂತು ಒಮ್ಮೆ ಕಟ್ಟಿದರೆ ವರ್ಷಗಟ್ಟಲೆ ಅದರ ಸುದ್ದಿಗೇ ಹೋಗಬೇಕಿಲ್ಲ. ಫ್ಲೈ ಗಂಟು ಹಾಗಲ್ಲ. ತಣ್ಣೀರಿನಲ್ಲಿ ನಿಂತು, ಬೀಸುವ ಗಾಳಿಯಲ್ಲಿ, ಬೆಳಕು ಕಡಿಮೆಯಾಗುತ್ತಿರುವಾಗ ಅದನ್ನು ದಿನಕ್ಕೆ ಹತ್ತಾರು ಸಲ ಕಟ್ಟಬೇಕು. ಬೆರಳುಗಳಿಗೆ ಮೊದಲು ಅಭ್ಯಾಸವಾಗಬೇಕಾದದ್ದು ಅದೇ.

ಇನ್ನೊಂದು ಕಾರಣವೂ ಇದೆ, ನನಗೆ ಅದೇ ದೊಡ್ಡದು. ದೊಡ್ಡ ಮೀನು ಸಿಕ್ಕಿ ಎಳೆದಾಗ ಎಲ್ಲೋ ಒಂದು ಕಡೆ ದಾರ ತುಂಡಾಗಬಹುದು. ಅದು ಎಲ್ಲಿ ತುಂಡಾಗಬೇಕು ಅಂತ ನಿರ್ಧರಿಸುವವರು ನಾವೇ. ಫ್ಲೈ ಹತ್ತಿರ ತುಂಡಾದರೆ ಮೀನಿನ ಬಾಯಲ್ಲಿ ಒಂದು ಸಣ್ಣ ಕೊಕ್ಕೆ ಮಾತ್ರ ಉಳಿಯುತ್ತದೆ. ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದರೆ ಅದು ಕಳಚಿ ಬೀಳುವ ಸಾಧ್ಯತೆ ಹೆಚ್ಚು. ಆದರೆ ಮೇಲಿನ ಗಂಟು ಬಿಚ್ಚಿಕೊಂಡರೆ ಮೀನು ಮೂರು ಮೀಟರ್ ದಾರವನ್ನು ಎಳೆದುಕೊಂಡು ಹೋಗುತ್ತದೆ. ಆ ದಾರ ಬೇರಿಗೋ ಬಂಡೆಗೋ ಸಿಕ್ಕಿಕೊಂಡರೆ ಮೀನಿನ ಕಥೆ ಅಷ್ಟೇ. ಅದಕ್ಕೇ ಇಡೀ ಜೋಡಣೆಯಲ್ಲಿ ಫ್ಲೈ ಗಂಟು ಎಲ್ಲಕ್ಕಿಂತ ಮೊದಲು ಸೋಲಬೇಕು, ಮೇಲಿನದ್ಯಾವುದೂ ಸೋಲಬಾರದು. ಮುಂದೆ ಬರುವ ಪ್ರತಿ ಗಂಟನ್ನೂ ಈ ಲೆಕ್ಕದಲ್ಲೇ ನೋಡಿ.

ದಾರದ ಭಾಗಗಳು

ಫ್ಲೈ ಅಂದರೆ ಕೊಕ್ಕೆಯ ಮೇಲೆ ಗರಿ, ತುಪ್ಪಳ, ನೂಲು ಸುತ್ತಿ ಮಾಡಿದ ಹುಳುವಿನಂಥ ವಸ್ತು. ಅದಕ್ಕೆ ತೂಕವೇ ಇಲ್ಲ, ಬೀಸಿದರೆ ದೂರ ಹೋಗದು. ಹಾಗಾಗಿ ಇಲ್ಲಿ ತೂಕವನ್ನು ದಾರಕ್ಕೇ ಕೊಟ್ಟಿರುತ್ತಾರೆ. ಪ್ಲಾಸ್ಟಿಕ್ ಲೇಪನದ ಆ ದಪ್ಪ ದಾರವೇ ಫ್ಲೈ ಲೈನು. ಉದ್ದ ಸಾಮಾನ್ಯವಾಗಿ 27 ಮೀಟರ್ ಆಸುಪಾಸು. ಅಷ್ಟು ದಪ್ಪದ ದಾರ ನೀರಿಗೆ ಬಿದ್ದರೆ ಮೀನು ಹೆದರಿ ಓಡುತ್ತದೆ ಅಲ್ವಾ? ಅದಕ್ಕೆ ಲೈನಿನ ತುದಿಗೆ ಲೀಡರ್ ಕಟ್ಟುತ್ತಾರೆ. ಲೀಡರ್ ಬುಡದಲ್ಲಿ ದಪ್ಪ, ತುದಿಯಲ್ಲಿ ತೆಳು. ತಣ್ಣೀರಿನ ಹೊಳೆಗಳ ಮೀನಾದ ಟ್ರೌಟ್‌ಗೆ ಒಂಬತ್ತು ಅಡಿಯದ್ದು ಸಾಮಾನ್ಯ. ಲೀಡರ್ ತುದಿಗೆ ಟಿಪೆಟ್ ಅನ್ನುವ ಇನ್ನೂ ತೆಳುವಾದ ಎಳೆ, ಅದರ ತುದಿಗೆ ಫ್ಲೈ. ಲೈನಿನ ಇನ್ನೊಂದು ಕೊನೆಗೆ ಬ್ಯಾಕಿಂಗ್. ಇದು ಹೆಣೆದ ನೂಲಿನಂಥ ದಾರ. ಮೀನು ದೂರ ಓಡಿದರೆ ರೀಲಿನಿಂದ ಬಿಟ್ಟುಕೊಡಲು ಇರುವ ಮೀಸಲು.

ಒಟ್ಟು ಐದು ಕಡೆ ಜೋಡಣೆ. ಈ ಬರಹದಲ್ಲಿ ಹೇಳುವ ಅಳತೆಗಳು 5ನೇ ನಂಬರಿನ ಟ್ರೌಟ್ ರಾಡಿನದ್ದು. ರಾಡು ಅಂದರೆ ಗಾಳದ ಕೋಲು, ನಂಬರು ಹೆಚ್ಚಿದಷ್ಟೂ ಅದು ಭಾರದ ಲೈನಿಗೆ. ಹಿಮಾಚಲದ ತೀರ್ಥನ್ ಕಣಿವೆಗೋ ಕಾಶ್ಮೀರದ ಹೊಳೆಗಳಿಗೋ ಹೋಗುವವರು ಒಯ್ಯುವುದು ಹೆಚ್ಚಾಗಿ ಇದನ್ನೇ. ಅಮೆರಿಕದಲ್ಲೋ ನ್ಯೂಜಿಲೆಂಡಿನಲ್ಲೋ ಇರುವ ಕನ್ನಡಿಗರೂ ಕಲಿಯಲು ಇದೇ ಅಳತೆಯಿಂದ ಶುರು ಮಾಡುವುದು ಒಳ್ಳೆಯದು.

ಮುಂದೆ ಎರಡು ಮಾತು ಪದೇ ಪದೇ ಬರುತ್ತವೆ. ಗಂಟು ಹಾಕಲು ಕೈಯಲ್ಲಿ ಆಡಿಸುವ ಗಿಡ್ಡ ಕೊನೆಯನ್ನು ‘ತುದಿ’ ಅನ್ನುತ್ತೇನೆ. ರಾಡಿನ ಕಡೆಗೆ ಹೋಗುವ ಉದ್ದ ಭಾಗ ‘ಮೂಲ ಎಳೆ’.

ಎಲ್ಲ ಗಂಟಿಗೂ ಬೇಕಾದ ಶಿಸ್ತು

ಬಿಗಿಯುವ ಮೊದಲು ಗಂಟನ್ನು ಒದ್ದೆ ಮಾಡಿ. ಎಂಜಲು ಸಾಕು, ಹೊಳೆಯ ನೀರೂ ಆದೀತು. ಒಣಗಿದ ನೈಲಾನ್ ತನ್ನ ಮೇಲೇ ಉಜ್ಜಿಕೊಂಡು ಬಿಗಿಯುವಾಗ ಬಿಸಿಯಾಗುತ್ತದೆ, ಆ ಬಿಸಿಗೆ ಎಳೆ ಸೊರಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಮೀನು ಎಳೆದಾಗ ಮಾತ್ರ ಗೊತ್ತಾಗುತ್ತದೆ. 1938ರಲ್ಲಿ ಡುಪಾಂಟ್ ಕಂಪನಿ ನೈಲಾನನ್ನು ಪ್ರಕಟಿಸುವ ಮೊದಲು ಈ ತೆಳು ಎಳೆಯನ್ನು ರೇಷ್ಮೆ ಹುಳುವಿನ ಒಳಗಿನ ಗ್ರಂಥಿಯನ್ನೇ ಎಳೆದು ಮಾಡುತ್ತಿದ್ದರು. ಹುಳು ಗೂಡು ಕಟ್ಟುವ ಮುಂಚೆಯೇ ಅದನ್ನು ತೆಗೆಯಬೇಕಿತ್ತು. ಸ್ಪೇನಿನ ಮುರ್ಸಿಯಾ ಈ ಕಸುಬಿಗೆ ಹೆಸರಾಗಿತ್ತು. ಆ ಎಳೆ ಒಣಗಿದ್ದಾಗ ಗಂಟು ಹಾಕಿದರೆ ಬಿರುಕು ಬಿಡುತ್ತಿತ್ತು, ಹಾಗಾಗಿ ಮೊದಲೇ ನೀರಿನಲ್ಲಿ ನೆನೆಸಿಡುತ್ತಿದ್ದರು. ಎಳೆ ಬದಲಾಯಿತು, ಕಾರಣವೂ ಬದಲಾಯಿತು, ಒದ್ದೆ ಮಾಡುವ ಅಭ್ಯಾಸ ಮಾತ್ರ ಬಿಡುವ ಹಾಗಿಲ್ಲ.

ಎಳೆಯುವಾಗ ಒಂದೇ ಸಮನೆ, ನಿಧಾನವಾಗಿ ಎಳೆಯಿರಿ. ಜಗ್ಗಬೇಡಿ. ಸುತ್ತುಗಳು ಒಂದರ ಪಕ್ಕ ಒಂದು ಕೂರಬೇಕು. ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿದ್ದರೆ ಅದು ಕೆಳಗಿನದನ್ನು ಕೊಯ್ಯುತ್ತದೆ. ಅಂಥ ಗಂಟು ಕಂಡರೆ ಯೋಚಿಸದೆ ಕತ್ತರಿಸಿ ಮತ್ತೆ ಕಟ್ಟಿ. ‘ಪರವಾಗಿಲ್ಲ, ನಡೆಯುತ್ತೆ’ ಅಂತ ಬಿಟ್ಟ ಗಂಟೇ ದಿನದ ಒಳ್ಳೆಯ ಮೀನನ್ನು ಬಿಟ್ಟುಬಿಡುವುದು.

ಕಟ್ಟಿದ ಮೇಲೆ ಕೈಯಲ್ಲೇ ಒಮ್ಮೆ ಗಟ್ಟಿಯಾಗಿ ಎಳೆದು ನೋಡಿ. ಬಿಚ್ಚಿಕೊಳ್ಳುವುದಾದರೆ ಈಗಲೇ ಬಿಚ್ಚಿಕೊಳ್ಳಲಿ. ಆಮೇಲೆ ತುದಿಯನ್ನು ನೇಲ್ ಕಟರ್‌ನಂಥ ನಿಪ್ಪರ್‌ನಿಂದ ಒಂದೆರಡು ಮಿಲಿಮೀಟರ್ ಬಿಟ್ಟು ಕತ್ತರಿಸಿ. ಹಲ್ಲಿನಿಂದ ಕಚ್ಚಬೇಡಿ, ಹಲ್ಲಿನ ಅಂಚು ಸವೆಯುತ್ತದೆ. ಕತ್ತರಿಸಿದ ಚೂರು ಜೇಬಿಗೆ ಹೋಗಬೇಕು, ನೀರಿಗಲ್ಲ. ನೈಲಾನ್ ಕೊಳೆಯಲು ಬಹಳ ಕಾಲ ಬೇಕು, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುವುದು ಇಂಥ ಚೂರುಗಳೇ.

ಮೊದಲ ಜೋಡಣೆ: ಟಿಪೆಟ್ ಮತ್ತು ಫ್ಲೈ

ಇಲ್ಲಿ ಮೂರು ಗಂಟು ಸಾಕು. ನಿಜ ಹೇಳಬೇಕೆಂದರೆ ಒಂದರಲ್ಲೇ ಕೆಲಸ ಸಾಗುತ್ತದೆ, ಇನ್ನೆರಡು ಸಂದರ್ಭಕ್ಕೆ.

ಇಂಪ್ರೂವ್ಡ್ ಕ್ಲಿಂಚ್. ಮೊದಲು ಕಲಿಯಬೇಕಾದದ್ದು ಇದೇ.

1. ಟಿಪೆಟ್ ತುದಿಯನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ 15 ಸೆಂಟಿಮೀಟರ್ ಆಚೆಗೆ ಎಳೆದುಕೊಳ್ಳಿ. ಜಿಪುಣತನ ಬೇಡ. ತುದಿ ಗಿಡ್ಡವಾದರೆ ಬೆರಳಿಗೆ ಹಿಡಿತ ಸಿಗುವುದಿಲ್ಲ.
2. ತುದಿಯನ್ನು ಮೂಲ ಎಳೆಯ ಸುತ್ತ ಐದು ಸಲ ಸುತ್ತಿ. ತುಂಬಾ ತೆಳುವಾದ ಟಿಪೆಟ್ ಆದರೆ ಆರು, ದಪ್ಪ ಎಳೆಯಾದರೆ ನಾಲ್ಕು.
3. ಈಗ ತುದಿಯನ್ನು ಕೊಕ್ಕೆಯ ಕಡೆಗೆ ತನ್ನಿ. ಕಣ್ಣಿಗೆ ತಾಗಿದಂತೆ ಒಂದು ಪುಟ್ಟ ಕುಣಿಕೆ ಉಂಟಾಗಿರುತ್ತದೆ. ತುದಿಯನ್ನು ಅದರೊಳಗೆ ತೂರಿಸಿ.
4. ಹಾಗೆ ತೂರಿಸಿದಾಗ ಪಕ್ಕದಲ್ಲಿ ಇನ್ನೊಂದು ದೊಡ್ಡ ಕುಣಿಕೆ ಆಗುತ್ತದೆ. ತುದಿಯನ್ನು ಅದರೊಳಗೂ ಹಾಯಿಸಿ. ಈ ಹೆಜ್ಜೆ ಬಿಟ್ಟರೆ ಅದು ಬರೀ ಕ್ಲಿಂಚ್. ಜಾರುವ ಸಂಭವ ಜಾಸ್ತಿ.
5. ಒದ್ದೆ ಮಾಡಿ. ತುದಿಯನ್ನು ಸಡಿಲವಾಗಿ ಹಿಡಿದುಕೊಂಡೇ ಫ್ಲೈಯನ್ನು ಒಂದು ಕೈಯಲ್ಲಿ, ಮೂಲ ಎಳೆಯನ್ನು ಇನ್ನೊಂದು ಕೈಯಲ್ಲಿ ಎಳೆಯಿರಿ. ಸುತ್ತುಗಳು ಸುರುಳಿಯಾಗಿ ಕಣ್ಣಿನ ಹತ್ತಿರ ಕೂರುತ್ತವೆ.
6. ಗಂಟು ಕಣ್ಣಿಗೆ ಒತ್ತಿ ಕೂತಿದೆಯೇ ನೋಡಿ, ಆಮೇಲೆ ಕತ್ತರಿಸಿ.

ಸುತ್ತುಗಳ ಲೆಕ್ಕ ಯಾಕೆ ಇಷ್ಟು ಮುಖ್ಯ? ಗಂಟು ನಿಲ್ಲುವುದು ಉಜ್ಜುವಿಕೆಯಿಂದ. ಸುತ್ತು ಕಡಿಮೆಯಾದರೆ ಹಿಡಿತ ಸಾಲದು, ಎಳೆ ಜಾರುತ್ತದೆ. ಹೆಚ್ಚಾದರೆ ಎಲ್ಲ ಸುತ್ತುಗಳೂ ಒಂದೇ ಸಮ ಬಿಗಿಯುವುದಿಲ್ಲ, ಒಳಗೆ ಸಡಿಲ ಉಳಿಯುತ್ತದೆ. ದಪ್ಪ ಎಳೆಯಲ್ಲಿ ಈ ತೊಂದರೆ ಬೇಗ ಬರುತ್ತದೆ. ಹಾಗಾಗಿ ಸುಮಾರು 20 ಪೌಂಡಿಗಿಂತ ಹೆಚ್ಚಿನ ಎಳೆತ ತಡೆಯುವ ಬಲವಾದ ಎಳೆಗೆ ಈ ಗಂಟು ಹೊಂದುವುದಿಲ್ಲ.

ಡೇವಿ ಗಂಟು. ವೇಲ್ಸ್ ಮೂಲದ ಫ್ಲೈ ಮೀನುಗಾರ ಡೇವಿ ವಾಟನ್ ಅವರ ಹೆಸರಿನದ್ದು. ಪುಟ್ಟ ಫ್ಲೈಗಳಿಗೆ ಇದಕ್ಕಿಂತ ಚೊಕ್ಕ ಗಂಟು ನಾನು ಕಂಡಿಲ್ಲ. ತುದಿಯನ್ನು ಕಣ್ಣಿನಲ್ಲಿ ತೂರಿಸಿ. ಕಣ್ಣಿನ ಮುಂದೆ ಮೂಲ ಎಳೆಯ ಸುತ್ತ ಒಂದು ಸಾದಾ ಗಂಟನ್ನು ಸಡಿಲವಾಗಿ ಹಾಕಿ. ಈಗ ತುದಿಯನ್ನು ಹಿಂದಕ್ಕೆ ತಂದು, ಆ ಸಾದಾ ಗಂಟಿಗೂ ಕೊಕ್ಕೆಯ ಕಣ್ಣಿಗೂ ನಡುವೆ ಇರುವ ಕುಣಿಕೆಯಲ್ಲಿ ಹಾಯಿಸಿ. ಒದ್ದೆ ಮಾಡಿ. ಮೊದಲು ತುದಿಯನ್ನು ಎಳೆದು ಗಂಟನ್ನು ಕೂಡಿಸಿ, ಆಮೇಲೆ ಮೂಲ ಎಳೆಯನ್ನು ಎಳೆದು ಬಿಗಿ ಮಾಡಿ. ಅಷ್ಟೇ. ಟಿಪೆಟ್ ಖರ್ಚು ಕಡಿಮೆ, ಸಮಯವೂ ಕಡಿಮೆ. ಸಂಜೆ ಹುಳುಗಳು ಏಳುವ ಹೊತ್ತಿಗೆ, ಮೀನು ಮೇಲೆ ಬರುತ್ತಿರುವಾಗ, ಫ್ಲೈ ಬದಲಿಸಲು ಇದೇ ಸರಿ. ಆದರೆ ಕೊನೆಯ ಬಿಗಿತ ಸರಿಯಾಗಿ ಕೊಡದಿದ್ದರೆ ಜಾರುತ್ತದೆ. ಅವಸರದಲ್ಲಿ ಕಟ್ಟಬಹುದು, ಅವಸರದಲ್ಲಿ ಬಿಗಿಯಬಾರದು.

ನಾನ್ ಸ್ಲಿಪ್ ಮೋನೋ ಲೂಪ್. ಮೇಲಿನ ಎರಡೂ ಗಂಟು ಫ್ಲೈಯನ್ನು ಕಚ್ಚಿ ಹಿಡಿಯುತ್ತವೆ. ಸಣ್ಣ ಮೀನಿನಂತೆ ಕಾಣುವ ಸ್ಟ್ರೀಮರ್ ಫ್ಲೈಗೆ ಅದು ಒಗ್ಗುವುದಿಲ್ಲ, ಅದು ನೀರಿನಲ್ಲಿ ಆಚೀಚೆ ಅಲ್ಲಾಡಬೇಕು. ಅದಕ್ಕೆ ಫ್ಲೈ ಮುಂದೆ ಬಿಗಿಯದ ಒಂದು ಕುಣಿಕೆ ಬೇಕು. ಅಮೆರಿಕದ ಹೆಸರಾಂತ ಫ್ಲೈ ಮೀನುಗಾರ ಲೆಫ್ಟಿ ಕ್ರೆ ಈ ಗಂಟನ್ನು ಜನಪ್ರಿಯಗೊಳಿಸಿದವರು.

1. ತುದಿಯಿಂದ 25 ಸೆಂಟಿಮೀಟರ್ ಒಳಗೆ ಒಂದು ಸಾದಾ ಗಂಟು ಹಾಕಿ, ಬಿಗಿಯಬೇಡಿ.
2. ತುದಿಯನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ.
3. ತುದಿಯನ್ನು ವಾಪಸ್ ತಂದು ಸಾದಾ ಗಂಟಿನೊಳಗೆ ಹಾಯಿಸಿ. ಮೊದಲು ಯಾವ ಬದಿಯಿಂದ ಹೊರಬಂದಿತ್ತೋ ಅದೇ ಬದಿಯಿಂದ ಒಳಹೋಗಬೇಕು.
4. ಸಾದಾ ಗಂಟನ್ನು ಫ್ಲೈ ಕಡೆಗೆ ಸರಿಸಿ ಕುಣಿಕೆ ಎಷ್ಟು ದೊಡ್ಡದಿರಬೇಕು ಅಂತ ನೋಡಿಕೊಳ್ಳಿ. ಒಂದು ಸೆಂಟಿಮೀಟರ್ ಒಳಗಿದ್ದರೆ ಚೆನ್ನ.
5. ತುದಿಯನ್ನು ಮೂಲ ಎಳೆಯ ಸುತ್ತ ಐದು ಸಲ ಸುತ್ತಿ. 15 ಪೌಂಡಿಗಿಂತ ಬಲವಾದ ಎಳೆಯಾದರೆ ನಾಲ್ಕು ಸಾಕು.
6. ಮತ್ತೆ ಅದೇ ಸಾದಾ ಗಂಟಿನೊಳಗೆ, ಅದೇ ಬದಿಯಿಂದ ತೂರಿಸಿ.
7. ಒದ್ದೆ ಮಾಡಿ, ಮೊದಲು ತುದಿಯನ್ನು ಎಳೆದು ಸುತ್ತುಗಳನ್ನು ಕೂಡಿಸಿ. ಆಮೇಲೆ ಫ್ಲೈ ಮತ್ತು ಮೂಲ ಎಳೆಯನ್ನು ಎದುರುಬದುರು ಎಳೆಯಿರಿ.

ಮೂರನೇ ಹೆಜ್ಜೆಯಲ್ಲಿ ಬದಿ ತಪ್ಪಿದರೆ ಗಂಟು ಓರೆಯಾಗಿ ಕೂರುತ್ತದೆ. ಕಲಿಯುವಾಗ ಹಗ್ಗದಲ್ಲಿ ಕಟ್ಟಿ ನೋಡಿದರೆ ಇದು ಬೇಗ ಅರ್ಥವಾಗುತ್ತದೆ.

ಎರಡನೇ ಜೋಡಣೆ: ಲೀಡರ್ ಮತ್ತು ಟಿಪೆಟ್

ಗಂಟಿಗಿಂತ ಮೊದಲು ಟಿಪೆಟ್ ನಂಬರಿನ ವಿಷಯ. ಸುರುಳಿಯ ಮೇಲೆ 4ಎಕ್ಸ್, 5ಎಕ್ಸ್ ಅಂತ ಬರೆದಿರುತ್ತದೆ. ನಂಬರು ಹೆಚ್ಚಿದಷ್ಟೂ ಎಳೆ ತೆಳು. ಲೆಕ್ಕ ಸುಲಭ. 11ರಿಂದ ಆ ನಂಬರನ್ನು ಕಳೆಯಿರಿ, ಉಳಿದದ್ದು ಇಂಚಿನ ಸಾವಿರದ ಭಾಗದಲ್ಲಿ ಎಳೆಯ ದಪ್ಪ. 5ಎಕ್ಸ್ ಅಂದರೆ 0.006 ಇಂಚು, ಅಂದರೆ ಸುಮಾರು 0.15 ಮಿಲಿಮೀಟರ್. 3ಎಕ್ಸ್ ಅಂದರೆ 0.008 ಇಂಚು, 0.20 ಮಿಲಿಮೀಟರ್. ಯಾವ ಫ್ಲೈಗೆ ಯಾವ ಟಿಪೆಟ್ ಅಂತ ತಿಳಿಯಲು ಕೊಕ್ಕೆಯ ನಂಬರನ್ನು ಮೂರರಿಂದ ಭಾಗಿಸಿ (ಕೊಕ್ಕೆಯಲ್ಲೂ ನಂಬರು ಹೆಚ್ಚಿದಷ್ಟೂ ಗಾತ್ರ ಚಿಕ್ಕದು). 12ನೇ ನಂಬರಿನ ಕೊಕ್ಕೆಗೆ 4ಎಕ್ಸ್, 16ಕ್ಕೆ 5ಎಕ್ಸ್, 18ಕ್ಕೆ 6ಎಕ್ಸ್. ಇದು ಅಂದಾಜು. ಒಂದು ನಂಬರು ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಈ ಲೆಕ್ಕ ಗಂಟಿಗೂ ಬೇಕು. ಹೊಂದಿಸುವ ಎರಡು ಎಳೆಗಳ ದಪ್ಪದಲ್ಲಿ ತುಂಬಾ ವ್ಯತ್ಯಾಸವಿದ್ದರೆ ತೆಳುವಾದದ್ದು ದಪ್ಪದ್ದರೊಳಗೆ ಕಚ್ಚಿಕೊಳ್ಳುತ್ತದೆ. 3ಎಕ್ಸ್ ಲೀಡರ್‌ಗೆ 4 ಅಥವಾ 5ಎಕ್ಸ್ ಟಿಪೆಟ್ ಕಟ್ಟಿ. ನೇರವಾಗಿ 7ಎಕ್ಸ್ ಕಟ್ಟಬೇಡಿ.

ಡಬಲ್ ಸರ್ಜನ್ಸ್ ಗಂಟು. ಹೊಳೆ ದಡದಲ್ಲಿ ಕಟ್ಟಲು ನಾನು ಹೇಳುವುದು ಇದನ್ನೇ.

1. ಸುರುಳಿಯಿಂದ 50–60 ಸೆಂಟಿಮೀಟರ್ ಟಿಪೆಟ್ ಕತ್ತರಿಸಿಕೊಳ್ಳಿ. ಸುರುಳಿಗೇ ಅಂಟಿಕೊಂಡಿದ್ದರೆ ಈ ಗಂಟು ಹಾಕಲು ಆಗುವುದಿಲ್ಲ, ಇಡೀ ಟಿಪೆಟ್ ಕುಣಿಕೆಯಲ್ಲಿ ಹಾದುಹೋಗಬೇಕು.
2. ಲೀಡರ್ ಕೊನೆಯನ್ನೂ ಟಿಪೆಟ್ ಕೊನೆಯನ್ನೂ ಎದುರುಬದುರು ದಿಕ್ಕಿನಲ್ಲಿ ಜೊತೆಯಾಗಿ ಇಡಿ. 15 ಸೆಂಟಿಮೀಟರ್ ಒಂದರ ಪಕ್ಕ ಒಂದು ಬರಲಿ.
3. ಎರಡೂ ಎಳೆ ಸೇರಿಸಿ ಹಿಡಿದು ಒಂದು ಕುಣಿಕೆ ಮಾಡಿ. ಲೀಡರಿನ ತುದಿಯನ್ನೂ ಇಡೀ ಟಿಪೆಟನ್ನೂ ಒಟ್ಟಿಗೆ ಅದರೊಳಗೆ ಹಾಯಿಸಿ.
4. ಅದೇ ಕುಣಿಕೆಯಲ್ಲಿ ಇನ್ನೊಮ್ಮೆ ಹಾಯಿಸಿ. ಟಿಪೆಟ್ ನೈಲಾನ್ ಬದಲು ಫ್ಲೂರೋಕಾರ್ಬನ್ ಅನ್ನುವ ಪ್ಲಾಸ್ಟಿಕ್ಕಿನದ್ದಾಗಿದ್ದರೆ ಮೂರನೇ ಸಲವೂ ಹಾಯಿಸಿ. ಅದು ಗಡುಸು, ಜಾರುವ ಗುಣದ್ದು.
5. ಒದ್ದೆ ಮಾಡಿ, ನಾಲ್ಕೂ ಎಳೆಗಳನ್ನು ಒಟ್ಟಿಗೆ ಎಳೆಯಿರಿ. ಎರಡನ್ನೇ ಎಳೆದು ಇನ್ನೆರಡನ್ನು ಬಿಟ್ಟರೆ ಗಂಟು ಅರ್ಧ ಮಾತ್ರ ಬಿಗಿಯುತ್ತದೆ.
6. ಎರಡೂ ತುದಿಗಳನ್ನು ಗಂಟಿನ ಹತ್ತಿರ ಕತ್ತರಿಸಿ.

ಎರಡು ಫ್ಲೈ ಕಟ್ಟಿ ಹಿಡಿಯಬೇಕು ಅಂತಿದ್ದರೆ ಆರನೇ ಹೆಜ್ಜೆಯಲ್ಲಿ ಸ್ವಲ್ಪ ನಿಲ್ಲಿ. ಲೀಡರಿನ ತುದಿ ಕೆಳಮುಖವಾಗಿ, ಫ್ಲೈ ಕಡೆಗೆ ಇರುತ್ತದೆ. ಕಟ್ಟುವಾಗಲೇ ಅದನ್ನು ಉದ್ದ ಬಿಟ್ಟುಕೊಂಡು, 12–15 ಸೆಂಟಿಮೀಟರ್ ಉಳಿಸಿ, ಅದಕ್ಕೊಂದು ಫ್ಲೈ ಕಟ್ಟಿ. ಮೇಲ್ಮುಖವಾಗಿರುವ ಟಿಪೆಟಿನ ತುದಿಗೆ ಕಟ್ಟಬೇಡಿ, ಎಳೆತ ಬಂದಾಗ ಅದು ಮಡಚಿಕೊಳ್ಳುತ್ತದೆ. ಇನ್ನೂ ಸುಲಭದ ದಾರಿ ಬೇಕಿದ್ದರೆ, ಮೇಲಿನ ಫ್ಲೈಯ ಕೊಕ್ಕೆಯ ಬಾಗಿನಲ್ಲಿ ಕ್ಲಿಂಚ್ ಗಂಟಿನಿಂದ 40 ಸೆಂಟಿಮೀಟರ್ ಟಿಪೆಟ್ ಕಟ್ಟಿ, ಅದರ ಕೊನೆಗೆ ಎರಡನೇ ಫ್ಲೈ. ಈ ಎರಡನೇ ತುಂಡು ಮೇಲಿನದಕ್ಕಿಂತ ಒಂದು ನಂಬರು ತೆಳುವಾಗಿರಲಿ. ಕೆಳಗಿನ ಫ್ಲೈ ಕಲ್ಲಿಗೆ ಸಿಕ್ಕಿಕೊಂಡರೆ ಅದೊಂದೇ ಹೋಗುತ್ತದೆ, ಮೇಲಿನದು ಉಳಿಯುತ್ತದೆ.

ಬ್ಲಡ್ ಗಂಟು. ನೋಡಲು ಚೆಂದ, ನೇರ, ರಾಡಿನ ಬಳೆಗಳಲ್ಲಿ ತೊಡರದೆ ಹಾಯುತ್ತದೆ. ಎರಡು ಎಳೆಗಳನ್ನು ಅಡ್ಡಡ್ಡ ಇಟ್ಟು, ಒಂದರ ತುದಿಯನ್ನು ಇನ್ನೊಂದರ ಸುತ್ತ ಐದು ಸಲ ಸುತ್ತಿ. ಆ ತುದಿಯನ್ನು ಹಿಂದಕ್ಕೆ ತಂದು ಎಳೆಗಳು ಕೂಡುವ ನಡುವಿನ ಸಂದಿನಲ್ಲಿ ತೂರಿಸಿ ಬೆರಳಲ್ಲಿ ಒತ್ತಿ ಹಿಡಿಯಿರಿ. ಈಗ ಇನ್ನೊಂದು ತುದಿಯನ್ನು ಆಚೆ ಬದಿಯಲ್ಲಿ ಐದು ಸಲ ಸುತ್ತಿ, ಅದೇ ಸಂದಿನಲ್ಲಿ ಎದುರು ದಿಕ್ಕಿನಿಂದ ತೂರಿಸಿ. ಒಂದು ತುದಿ ಮೇಲಿನಿಂದ ಬಂದಿದ್ದರೆ ಇನ್ನೊಂದು ಕೆಳಗಿನಿಂದ ಬರಬೇಕು. ಒದ್ದೆ ಮಾಡಿ ಎರಡೂ ಮೂಲ ಎಳೆಗಳನ್ನು ಎಳೆದರೆ ಸುತ್ತುಗಳು ನಡುವಿಗೆ ಸರಿದು ಕೂರುತ್ತವೆ. ದಪ್ಪದ ವ್ಯತ್ಯಾಸ ಎರಡು ನಂಬರಿಗಿಂತ ಹೆಚ್ಚಿದ್ದರೆ ಇದನ್ನು ಬಿಟ್ಟು ಸರ್ಜನ್ಸ್ ಕಟ್ಟಿ. ಗಾಳಿಯಲ್ಲಿ, ಮರಗಟ್ಟಿದ ಬೆರಳಲ್ಲಿ ಬ್ಲಡ್ ಗಂಟು ಹಾಕುವುದು ಕಷ್ಟ. ಮನೆಯಲ್ಲಿ ಕೂತು ಬೇರೆ ಬೇರೆ ದಪ್ಪದ ತುಂಡುಗಳಿಂದ ಲೀಡರನ್ನು ತಾವೇ ಕಟ್ಟಿಕೊಳ್ಳುವವರಿಗೆ ಇದು ಬೇಕೇ ಬೇಕು.

ಪ್ರತಿ ಸಲ ಫ್ಲೈ ಬದಲಿಸಿದಾಗ ಹತ್ತು ಸೆಂಟಿಮೀಟರ್ ಟಿಪೆಟ್ ಹೋಗುತ್ತದೆ. ಪ್ರತಿ ಸಲ ಟಿಪೆಟ್ ಬದಲಿಸಿದಾಗ ಲೀಡರ್ ಗಿಡ್ಡವಾಗುತ್ತದೆ, ಅದರ ತೆಳು ಭಾಗ ಮುಗಿದು ದಪ್ಪ ಭಾಗ ಬರುತ್ತದೆ. ಇದಕ್ಕೆ ಟಿಪೆಟ್ ರಿಂಗ್ ಅನ್ನುವ ಎರಡು ಮಿಲಿಮೀಟರ್ ಆಸುಪಾಸಿನ ಪುಟ್ಟ ಲೋಹದ ಉಂಗುರ ಸಿಗುತ್ತದೆ. ಲೀಡರ್ ತುದಿಗೆ ಕ್ಲಿಂಚ್‌ನಿಂದ ಅದನ್ನು ಕಟ್ಟಿ, ಉಂಗುರಕ್ಕೆ ಮತ್ತೊಂದು ಕ್ಲಿಂಚ್‌ನಿಂದ ಟಿಪೆಟ್ ಕಟ್ಟಿದರೆ ಲೀಡರ್ ಸವೆಯುವುದಿಲ್ಲ. ಹೊಸಬರಿಗೆ ಇದನ್ನು ಮನಸಾರೆ ಹೇಳುತ್ತೇನೆ. ಒಂದೇ ಗಂಟು ಕಲಿತು ಎರಡು ಜೋಡಣೆ ಮುಗಿಸಬಹುದು.

ಮೂರನೇ ಜೋಡಣೆ: ಲೈನು ಮತ್ತು ಲೀಡರ್

ಈಗಿನ ಫ್ಲೈ ಲೈನುಗಳ ತುದಿಯಲ್ಲಿ ಕಾರ್ಖಾನೆಯಲ್ಲೇ ಬೆಸೆದ ಕುಣಿಕೆ ಇರುತ್ತದೆ. ಅಂಗಡಿಯ ಲೀಡರಿನ ಬುಡದಲ್ಲೂ ಕುಣಿಕೆ ಇರುತ್ತದೆ. ಎರಡನ್ನೂ ಸೇರಿಸುವುದು ಇಷ್ಟೇ: ಲೀಡರಿನ ಕುಣಿಕೆಯನ್ನು ಲೈನಿನ ಕುಣಿಕೆಯ ಮೇಲೆ ತೊಡಿಸಿ. ಲೀಡರಿನ ತೆಳು ತುದಿಯನ್ನು ಲೈನಿನ ಕುಣಿಕೆಯೊಳಗೆ ತೂರಿಸಿ ಪೂರ್ತಿ ಎಳೆದುಕೊಳ್ಳಿ. ನಿಧಾನವಾಗಿ ಬಿಗಿ ಮಾಡಿ.

ಇಲ್ಲಿ ಒಂದು ಎಚ್ಚರಿಕೆ. ಬಿಗಿದ ಮೇಲೆ ಎರಡೂ ಕುಣಿಕೆಗಳು ಒಂದಕ್ಕೊಂದು ಕೈಕುಲುಕಿದಂತೆ ಸಮವಾಗಿ ಕಾಣಬೇಕು. ಒಂದು ಕುಣಿಕೆ ಹಿಂದಕ್ಕೆ ಮಡಚಿ ಇನ್ನೊಂದರ ಕತ್ತಿಗೆ ಸುತ್ತಿಕೊಂಡಿದ್ದರೆ ಅದು ತಪ್ಪು. ಗಡುಸಾದ ಲೀಡರ್ ಲೈನಿನ ಮೆತ್ತನೆಯ ಲೇಪನವನ್ನು ಕೊಯ್ಯುತ್ತಾ ಹೋಗುತ್ತದೆ, ಕೊನೆಗೆ ಕುಣಿಕೆಯೇ ಕಿತ್ತು ಬರುತ್ತದೆ. ಸಡಿಲಿಸಿ, ಬೆರಳಿನಿಂದ ಮುಂದಕ್ಕೆ ದೂಡಿ, ಮತ್ತೆ ಬಿಗಿಯಿರಿ.

ಲೀಡರಿನಲ್ಲಿ ಕುಣಿಕೆ ಇಲ್ಲದಿದ್ದರೆ ಪರ್ಫೆಕ್ಷನ್ ಲೂಪ್ ಕಟ್ಟಿ. ಇದು ಎಳೆಯ ನೇರಕ್ಕೆ ನಿಲ್ಲುತ್ತದೆ, ಅದಕ್ಕೇ ಇಲ್ಲಿಗೆ ಒಪ್ಪುತ್ತದೆ. ತುದಿಯನ್ನು ಮೂಲ ಎಳೆಯ ಹಿಂದಿನಿಂದ ತಂದು ಒಂದು ಕುಣಿಕೆ ಮಾಡಿ ಹಿಡಿಯಿರಿ. ತುದಿಯನ್ನು ಆ ಕುಣಿಕೆಯ ಮುಂದಿನಿಂದ ಸುತ್ತಿ ಹಿಂದಕ್ಕೆ ಕಳಿಸಿ, ಮೊದಲಿನದರ ಮುಂದೆ ಎರಡನೇ ಚಿಕ್ಕ ಕುಣಿಕೆ ಆಗುತ್ತದೆ. ಈಗ ತುದಿಯನ್ನು ಎರಡೂ ಕುಣಿಕೆಗಳ ನಡುವೆ ಅಡ್ಡಲಾಗಿ ಇಡಿ. ಮುಂದಿನ ಚಿಕ್ಕ ಕುಣಿಕೆಯನ್ನು ಹಿಂದಿನ ಕುಣಿಕೆಯ ಒಳಗಿನಿಂದ ಆಚೆಗೆ ಎಳೆಯಿರಿ. ಒದ್ದೆ ಮಾಡಿ ಬಿಗಿ ಮಾಡಿದಾಗ ತುದಿ ಅಡ್ಡಕ್ಕೆ ಚಾಚಿಕೊಂಡಿರುತ್ತದೆ. ಹಾಗಿದ್ದರೆ ಸರಿಯಾಗಿದೆ ಅಂತ ಅರ್ಥ.

ಲೈನಿನಲ್ಲೂ ಕುಣಿಕೆ ಇಲ್ಲ, ಅಥವಾ ಇದ್ದದ್ದು ಕಿತ್ತುಹೋಗಿದೆ ಅನ್ನಿ. ಆಗ ನೇಲ್ ಗಂಟು. ಹಿಂದೆ ಮೊಳೆ ಇಟ್ಟು ಕಟ್ಟುತ್ತಿದ್ದರು. ನೀವು ತೆಳುವಾದ ಕೊಳವೆ ಬಳಸಿ, ಖಾಲಿ ಬಾಲ್‌ಪೆನ್ ರೀಫಿಲ್ಲಿನ ಸ್ವಚ್ಛವಾದ ತುಂಡು ಸಾಕು.

1. ಕೊಳವೆಯನ್ನು ಲೈನಿನ ಕೊನೆಗೆ ಜೊತೆಯಾಗಿ ಇಡಿ.
2. ಲೀಡರಿನ ದಪ್ಪ ಬುಡವನ್ನು ಅವೆರಡರ ಪಕ್ಕದಲ್ಲಿ, ತುದಿ ರೀಲಿನ ಕಡೆಗೆ ಇರುವಂತೆ ಇಡಿ. 25 ಸೆಂಟಿಮೀಟರ್ ಇರಲಿ.
3. ಆ ತುದಿಯನ್ನು ತಿರುಗಿಸಿ ಲೈನು, ಕೊಳವೆ, ಲೀಡರ್ ಮೂರನ್ನೂ ಸೇರಿಸಿ ಸುತ್ತಿ. ಸುತ್ತುಗಳು ಲೈನಿನ ಕೊನೆಯ ಕಡೆಗೆ ಸಾಗಲಿ. ಐದಾರು ಸುತ್ತು, ಒತ್ತೊತ್ತಾಗಿ.
4. ತುದಿಯನ್ನು ಕೊಳವೆಯೊಳಗೆ ತೂರಿಸಿ ರೀಲಿನ ಕಡೆ ಹೊರತೆಗೆಯಿರಿ.
5. ಸುತ್ತುಗಳನ್ನು ಬೆರಳಲ್ಲಿ ಗಟ್ಟಿಯಾಗಿ ಒತ್ತಿಕೊಂಡು ಕೊಳವೆಯನ್ನು ಎಳೆದು ತೆಗೆಯಿರಿ. ಬೆರಳು ಸಡಿಲಿಸಿದರೆ ಮತ್ತೆ ಮೊದಲಿನಿಂದ.
6. ಲೀಡರಿನ ಎರಡೂ ಕೊನೆಗಳನ್ನು ಮೆಲ್ಲಗೆ ಎಳೆಯಿರಿ. ಸುತ್ತುಗಳು ಸರಿಯಾಗಿ ಕೂತಿವೆಯೇ ನೋಡಿ, ಒದ್ದೆ ಮಾಡಿ, ಆಮೇಲೆ ಬಲವಾಗಿ ಎಳೆಯಿರಿ. ಅವು ಲೈನಿನ ಲೇಪನದೊಳಗೆ ಕಚ್ಚಿ ಕೂರಬೇಕು.

ನಾಲ್ಕು ಮತ್ತು ಐದನೇ ಜೋಡಣೆ: ಬ್ಯಾಕಿಂಗ್, ರೀಲು

ಲೈನಿನ ಹಿಂಬದಿಯಲ್ಲೂ ಕುಣಿಕೆ ಇದ್ದರೆ ಬ್ಯಾಕಿಂಗಿನ ಕೊನೆಗೆ ಡಬಲ್ ಸರ್ಜನ್ಸ್ ಕುಣಿಕೆ ಹಾಕಿ. ಅಂದರೆ ದಾರವನ್ನು ಮಡಚಿ, ಮಡಚಿದ ಭಾಗದಿಂದಲೇ ಸಾದಾ ಗಂಟು ಹಾಕುತ್ತಾ ಎರಡು ಸಲ ಹಾಯಿಸಿ. ಕುಣಿಕೆ ದೊಡ್ಡದಿರಲಿ, ಲೈನಿನ ಇಡೀ ಸುರುಳಿ ಅದರೊಳಗೆ ಹಾಯುವಷ್ಟು. ಹಾಗಿದ್ದರೆ ಮುಂದೆ ಲೈನು ಬದಲಿಸುವಾಗ ಏನನ್ನೂ ಕತ್ತರಿಸಬೇಕಿಲ್ಲ. ಕುಣಿಕೆ ಇಲ್ಲದ ಲೈನಾದರೆ ಆಲ್‌ಬ್ರೈಟ್ ಗಂಟು. ಲೈನಿನ ಕೊನೆಯನ್ನು ಮಡಚಿ ಹಿಡಿಯಿರಿ, ಬ್ಯಾಕಿಂಗನ್ನು ಆ ಮಡಿಕೆಯೊಳಗೆ ತೂರಿಸಿ. ಅದನ್ನು ಮಡಿಕೆಯ ಬಾಗಿನ ಕಡೆಗೆ ಬರುವಂತೆ ಹತ್ತು ಸಲ ಸುತ್ತಿ, ಯಾವ ಬದಿಯಿಂದ ಒಳಬಂದಿತ್ತೋ ಅದೇ ಬದಿಯಿಂದ ಹೊರಗೆ ತನ್ನಿ. ನಿಧಾನವಾಗಿ ಬಿಗಿಯಿರಿ.

ಬ್ಯಾಕಿಂಗನ್ನು ರೀಲಿಗೆ ಕಟ್ಟಲು ಆರ್ಬರ್ ಗಂಟು. ರೀಲಿನ ನಡುಗಂಬಕ್ಕೆ ದಾರ ಸುತ್ತಿ, ತುದಿಯಿಂದ ಮೂಲ ಎಳೆಯ ಮೇಲೆ ಒಂದು ಸಾದಾ ಗಂಟು ಹಾಕಿ. ತುದಿಯಲ್ಲಿ ಮತ್ತೊಂದು ಸಾದಾ ಗಂಟು ಹಾಕಿ, ಅದು ತಡೆ. ಮೂಲ ಎಳೆಯನ್ನು ಎಳೆದರೆ ಮೊದಲನೆಯದು ಜಾರಿ ಬಿಗಿಯುತ್ತದೆ, ಎರಡನೆಯದು ಅದಕ್ಕೆ ಬಂದು ತಾಗುತ್ತದೆ. ಸಾಮಾನ್ಯ ಬ್ಯಾಕಿಂಗ್ 20 ಪೌಂಡ್ ಬಲದ್ದು. 5ಎಕ್ಸ್ ಟಿಪೆಟ್ ಹೆಚ್ಚೂಕಡಿಮೆ 5 ಪೌಂಡಿನದು. ಫ್ಲೈ ಕಡೆಯದೇ ಮೊದಲು ಸೋಲಬೇಕು ಅಂತ ನಾವು ಮೊದಲು ಹೇಳಿದ ಲೆಕ್ಕ ಇಲ್ಲಿ ಕಾಣುತ್ತದೆ.

ಮಹಶೀರ್ ಹಿಡಿಯುವುದಾದರೆ

ಉತ್ತರಾಖಂಡದ ನದಿಗಳಲ್ಲಿ ಬಂಗಾರದ ಬಣ್ಣದ ಮಹಶೀರ್ ಅನ್ನುವ ದೊಡ್ಡ ನದಿ ಮೀನನ್ನು ಫ್ಲೈಯಿಂದ ಹಿಡಿದು ಬಿಡುವವರು 8ನೇ ನಂಬರಿನ ರಾಡು ಒಯ್ಯುತ್ತಾರೆ. ಅಲ್ಲಿ ಎಲ್ಲವೂ ದಪ್ಪ. ಫ್ಲೈಗೆ ಕ್ಲಿಂಚ್ ಬದಲು ನಾನ್ ಸ್ಲಿಪ್ ಲೂಪ್ ಕಟ್ಟಿ, ಲೀಡರಿಗೆ ಟ್ರಿಪಲ್ ಸರ್ಜನ್ಸ್, ಅಂದರೆ ಮೂರು ಸಲ ಹಾಯಿಸಿದ ಸರ್ಜನ್ಸ್. ಮಹಶೀರ್ ಕಚ್ಚಿದ ಕೂಡಲೇ ಬಂಡೆಗಳ ನಡುವೆ ಓಡುತ್ತದೆ, ಬ್ಯಾಕಿಂಗ್ ಹೊರಬರುವುದು ಮಾಮೂಲು. ಟ್ರೌಟ್‌ನಲ್ಲಿ ಎಂದೂ ಪರೀಕ್ಷೆಗೆ ಒಳಗಾಗದ ಹಿಂದಿನ ಗಂಟುಗಳು ಇಲ್ಲಿ ಮೊದಲ ನಿಮಿಷದಲ್ಲೇ ಪರೀಕ್ಷೆಗೆ ಬೀಳುತ್ತವೆ.

ನಮ್ಮ ಕಾವೇರಿ ಸೀಮೆಯ ಮಹಶೀರ್ ಎಷ್ಟು ದೊಡ್ಡದಾಗಬಲ್ಲದು ಅಂತ ತಿಳಿಯಲು ಒಂದು ದಾಖಲೆ ಸಾಕು. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು. ಬೆನ್ನು ಉಬ್ಬಿದ ಆ ಮಹಶೀರ್ ಇವತ್ತು ಅಳಿವಿನ ಅಂಚಿಗೆ ಬಂದು ನಿಂತಿದೆ. ಅದನ್ನು ಗುರಿಯಾಗಿಟ್ಟುಕೊಂಡು ಯಾರೂ ಗಾಳ ಹಾಕಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೇರೆ ಎಲ್ಲೇ ಹೋದರೂ ಮೀನುಗಾರಿಕೆ ಇಲಾಖೆಯ ಪರವಾನಗಿ ಮೊದಲು ಪಡೆಯಿರಿ. ಹಿಮಾಚಲದಲ್ಲಿ ಟ್ರೌಟ್ ಮೊಟ್ಟೆಯಿಡುವ ಚಳಿಗಾಲದ ತಿಂಗಳುಗಳಲ್ಲಿ ಹಿಡಿಯುವಂತಿಲ್ಲ.

ಅಭ್ಯಾಸ, ಪರೀಕ್ಷೆ

ಮೊದಲು ಶೂ ಲೇಸಿನಲ್ಲಿ ಕಟ್ಟಿ ಕಲಿಯಿರಿ, ಕೊಕ್ಕೆಯ ಕಣ್ಣಿಗೆ ಬದಲು ಕೀ ಬಂಚಿನ ರಿಂಗು ಸಾಕು. ಆಕಾರ ಅರ್ಥವಾದ ಮೇಲೆ ದಪ್ಪ ನೈಲಾನ್, ಕೊನೆಗೆ ನಿಜವಾದ 5ಎಕ್ಸ್. ಕೈ ಕುದುರಿದ ಮೇಲೆ ಕಣ್ಣು ಮುಚ್ಚಿ ಕಟ್ಟಿ. ಸಂಜೆ ಹೊತ್ತಿನ ಹೊಳೆಗೆ ಇದೇ ತಯಾರಿ.

ಎರಡು ಗಂಟುಗಳಲ್ಲಿ ನಿಮ್ಮ ಕೈಗೆ ಯಾವುದು ಒಗ್ಗುತ್ತದೆ ಅಂತ ಗೊತ್ತಾಗಬೇಕೇ? ಒಂದೇ ಟಿಪೆಟ್ ತುಂಡಿನ ಒಂದು ಕೊನೆಗೆ ಒಂದು ಗಂಟಿನಿಂದ ಕೊಕ್ಕೆ ಕಟ್ಟಿ, ಇನ್ನೊಂದು ಕೊನೆಗೆ ಇನ್ನೊಂದು ಗಂಟಿನಿಂದ. ಕೊಕ್ಕೆಗಳ ಚೂಪು ಮುರಿದಿರಲಿ, ಕಣ್ಣಿಗೆ ಕನ್ನಡಕ ಇರಲಿ. ಎರಡನ್ನೂ ಇಕ್ಕಳದಲ್ಲಿ ಹಿಡಿದು ನಿಧಾನವಾಗಿ ಎಳೆಯಿರಿ. ಮೊದಲು ಸೋತದ್ದು ಯಾವುದು ನೋಡಿ. ಹತ್ತಾರು ಸಲ ಮಾಡಿದರೆ ಉತ್ತರ ಸಿಗುತ್ತದೆ. ಎಲ್ಲೆಲ್ಲೋ ಬರೆದಿರುವ ಶೇಕಡಾವಾರು ಬಲದ ಪಟ್ಟಿಗಳಿಗಿಂತ ಇದನ್ನೇ ನಂಬಿ, ಯಾಕೆಂದರೆ ಇಲ್ಲಿ ಗಂಟುಗಳನ್ನು ಕಟ್ಟಿದ್ದು ನಿಮ್ಮ ಬೆರಳುಗಳು.

ಹೊಳೆಯಲ್ಲಿ ಮೀನು ತಪ್ಪಿಸಿಕೊಂಡಾಗ ಸುಮ್ನೆ ಬೇಜಾರು ಮಾಡಿಕೊಂಡು ಇನ್ನೊಂದು ಫ್ಲೈ ಕಟ್ಟಬೇಡಿ. ಉಳಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಹಂದಿಯ ಬಾಲದಂತೆ ಸುರುಳಿ ಸುತ್ತಿಕೊಂಡಿದ್ದರೆ ಗಂಟು ಜಾರಿ ಬಿಚ್ಚಿದೆ. ಸುತ್ತು ಕಡಿಮೆಯಾಗಿತ್ತು, ಇಲ್ಲವೇ ಬಿಗಿತ ಸಾಲದಾಗಿತ್ತು. ನೇರವಾಗಿ ತುಂಡಾಗಿದ್ದರೆ ಗಂಟಿನ ಹತ್ತಿರವೇ ಕಡಿದಿದೆ. ಒಣಗಿದ್ದಾಗ ಬಿಗಿದಿರಬಹುದು, ಸುತ್ತು ಒಂದರ ಮೇಲೊಂದು ಹತ್ತಿರಬಹುದು, ಅಥವಾ ಎಲ್ಲ ಸರಿಯಿದ್ದೂ ಮೀನೇ ಟಿಪೆಟಿಗಿಂತ ಬಲವಾಗಿತ್ತು. ತುದಿ ಒರಟಾಗಿ, ಮಾಸಲಾಗಿ ಕಂಡರೆ ಬಂಡೆಗೆ ಉಜ್ಜಿದೆ, ಗಂಟಿನ ತಪ್ಪಲ್ಲ. ಟಿಪೆಟಿನ ನಡುವೆ ಎಲ್ಲೋ ಕಡಿದಿದ್ದರೆ ಗಾಳಿಗಂಟು ಇತ್ತು ಅಂತ ಅನುಮಾನಿಸಿ. ಬೀಸುವಾಗ ದಾರ ತನ್ನನ್ನು ತಾನೇ ಸುತ್ತಿಕೊಂಡು ಬೀಳುವ ಸಾದಾ ಗಂಟು ಅದು. ಎಳೆಯ ಬಲವನ್ನು ಅರ್ಧದಷ್ಟಕ್ಕೆ ಇಳಿಸಬಲ್ಲದು. ಸಡಿಲವಾಗಿದ್ದರೆ ಕೊಕ್ಕೆಯ ಮೊನೆಯಿಂದ ಬಿಡಿಸಿ, ಬಿಗಿದಿದ್ದರೆ ಅಲ್ಲಿಂದ ಕತ್ತರಿಸಿ.

ಸೊಳ್ಳೆ ಓಡಿಸುವ ಡೀಟ್ ಇರುವ ಕ್ರೀಮು ಕೈಗೆ ಹಚ್ಚಿದ್ದರೆ ಲೈನು ಮುಟ್ಟುವ ಮೊದಲು ಅಂಗೈ ತೊಳೆಯಿರಿ, ಅದು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ನೈಲಾನ್ ಟಿಪೆಟ್ ಬಿಸಿಲಿಗೆ ಬಲ ಕಳೆದುಕೊಳ್ಳುತ್ತದೆ. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬೇಡಿ. ಕೊಂಡ ವರ್ಷವನ್ನು ಸುರುಳಿಯ ಮೇಲೆ ಪೆನ್ನಿನಲ್ಲಿ ಬರೆದಿಡಿ, ಹಳೆಯದನ್ನು ಕೈಯಲ್ಲಿ ಎಳೆದು ನೋಡಿ, ಸುಲಭವಾಗಿ ತುಂಡಾದರೆ ಮನೆಯ ಕಸಕ್ಕೆ ಹಾಕಿ. ಪ್ರತಿ ಮೀನು ಬಿಟ್ಟ ಮೇಲೆ ಕೊನೆಯ ಒಂದಡಿ ಟಿಪೆಟನ್ನು ಬೆರಳ ನಡುವೆ ಜಾರಿಸಿ ನೋಡಿ. ತರಿತರಿ ತಾಗಿದರೆ ಕತ್ತರಿಸಿ, ಮತ್ತೆ ಕಟ್ಟಿ.